ನೀರಿನ ಬಿಲ್ಲಲ್ಲಿ ಕರೆಂಟಿನ ಲೆಕ್ಕಾನೂ ಬರ್ಲಿ

ಮಾನ್ಯ ಸಂಪಾದಕರೇ,

2025ರಲ್ಲಿ ಜುಲೈ 24ಕ್ಕೇ ಭೂಮಿ ಇಡೀ ವರ್ಷಕ್ಕೆ ಕೊಡೋದನ್ನೆಲ್ಲ ನಾವು ಮುಗಿಸಿ ಕೂತ್ವಿ ಅನ್ನೋ ಸುದ್ದಿ ಓದಿ, ನಂದೆಷ್ಟು ನೋಡೋಣ ಅಂತ ಆನ್‌ಲೈನಲ್ಲಿ ಇಕಲಾಜಿಕಲ್ ಫುಟ್‌ಪ್ರಿಂಟ್ ಕ್ಯಾಲ್ಕುಲೇಟರ್ ತುಂಬಿದೆ. ಮನೆ ಎಷ್ಟು ದೊಡ್ಡದು, ಮಾಂಸ ಎಷ್ಟು ಸಲ, ಕಾರು, ವಿಮಾನ ಎಲ್ಲ ಕೇಳಿ ಕೊನೇಗೆ ಎಲ್ರೂ ನಿನ್ನ ಥರ ಬದುಕಿದ್ರೆ ಎರಡೂವರೆ ಭೂಮಿ ಬೇಕು ಅಂತು. ಊರಲ್ಲಿರೋ ಅವ್ವಂದು ಫೋನಲ್ಲೇ ಕೇಳ್ಕೊಂಡು ತುಂಬಿದೆ, ಒಂದೂ ದಾಟ್ಲಿಲ್ಲ.

1990ರ ದಶಕದಲ್ಲಿ ಕೆನಡಾದಲ್ಲಿ ವಿಲಿಯಂ ರೀಸ್, ಮ್ಯಾಥಿಸ್ ವ್ಯಾಕರ್ನಾಗೆಲ್ ಶುರು ಮಾಡಿದ ಲೆಕ್ಕ ಇದು. ನಾವು ತಿನ್ನೋದನ್ನ ಬೆಳೆಯಕ್ಕೆ, ನಮ್ಮ ಹೊಗೆ ಹೀರ್ಕೊಳ್ಳಕ್ಕೆ ಎಷ್ಟು ಹೆಕ್ಟೇರ್ ಹೊಲ, ಕಾಡು ಬೇಕು ಅಂತ. ಭಾರತದ ಸರಾಸರಿ ತಲೆಗೆ ಒಂದು ಚಿಲ್ಲರೆ ಹೆಕ್ಟೇರ್, ಅಮೆರಿಕದವರದ್ದು ಏಳು ದಾಟತ್ತೆ. ಆ ಒಂದು ಚಿಲ್ಲರೇಲಿ ನಾನೂ ಇದೀನಿ, ಅವ್ವಾನೂ ಇದಾಳೆ, ನಾನು ತಿಂದಿದ್ದು ಅವಳ ಲೆಕ್ಕದಲ್ಲಿ ಮುಚ್ಚಿಹೋಗತ್ತೆ ಅಷ್ಟೇ.

ನನ್ನ ತಕರಾರು ಅದಲ್ಲ, ನಾನು ತುಂಬಿದ್ರಲ್ಲಿ ನೀರಿನ ಬಗ್ಗೆ ಒಂದು ಪ್ರಶ್ನೇನೂ ಇರ್ಲಿಲ್ಲ. ಅವ್ವನ ಊರು ಮಳವಳ್ಳಿ ತಾಲ್ಲೂಕು, ಬೆಂಗಳೂರಿಗೆ ಕಾವೇರಿ ಪಂಪ್ ಆಗೋ ತೊರೆಕಾಡನಹಳ್ಳಿ ಇರೋದೂ ಅಲ್ಲೇ. ಅಲ್ಲಿ, ಆಮೇಲೆ ಹಾರೋಹಳ್ಳಿ, ತಾತಗುಣಿ ಅಂತ ಮೂರು ಕಡೆ ಪಂಪ್ ಮಾಡಿ ಸುಮಾರು 100 ಕಿಲೋಮೀಟರ್ ದೂರ, 500 ಮೀಟರ್ ಮೇಲಕ್ಕೆ ಎತ್ತಬೇಕು. ಪಂಪು ಚೂರೂ ನಷ್ಟ ಇಲ್ದೆ ಓಡಿದ್ರೂ ಸಾವಿರ ಲೀಟರನ್ನ ಅಷ್ಟು ಎತ್ತಕ್ಕೆ 1.36 ಯೂನಿಟ್ ಕರೆಂಟ್ ಬೇಕು, ಹೈಸ್ಕೂಲ್ ಫಿಸಿಕ್ಸ್ ಅಷ್ಟೇ. ನಮ್ಮನೇಗೆ ತಿಂಗಳಿಗೆ 15 ಸಾವಿರ ಲೀಟರ್, ಅಂದ್ರೆ ಹತ್ರ ಹತ್ರ 20 ಯೂನಿಟ್, ನಮ್ಮ ಫ್ರಿಡ್ಜ್ ತಿನ್ನೋದೂ ಹೆಚ್ಚುಕಮ್ಮಿ ಅಷ್ಟೇ! 2024ರ ಅಕ್ಟೋಬರಲ್ಲಿ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಶುರುವಾಗಿ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ಎತ್ತೋ ವ್ಯವಸ್ಥೆ ಆಗಿದೆ.

ತಮಾಷೆ ಏನು ಗೊತ್ತಾ, ಆ ಕ್ಯಾಲ್ಕುಲೇಟರಲ್ಲಿ ಸೋಲಾರ್ ಇದೆ ಅಂತ ಜಂಬದಿಂದ ಟಿಕ್ ಮಾಡಿದ್ದೆ, ಆದ್ರೆ ಟೆರೇಸಿಂದ ಬಿಸಿನೀರು ಇಳಿದು ಬರೋಷ್ಟರಲ್ಲಿ ದಿನಾ ಬೆಳಗ್ಗೆ ಒಂದೂವರೆ ಬಕೆಟ್ ತಣ್ಣೀರು ಮೋರಿಗೆ ಹೋಗ್ತಿತ್ತು. ಅವ್ವನಿಗೆ ಹೇಳಿದ್ರೆ "ಕೆಳ್ಗೊಂದು ಬಕೀಟು ಮಡ್ಗಕ್ಕೇನ್ಲಾ ನಿಂಗೆ ದಾಡಿ" ಅಂತ ಬೈದ್ಲು, ಈಗ ಇಡ್ತಿದೀನಿ.

ನೀರಿನ ಬಿಲ್ಲಲ್ಲಿ ಎಷ್ಟು ಲೀಟರ್, ಎಷ್ಟು ರೂಪಾಯಿ ಅಂತ ಇರತ್ತಲ್ಲ, ಅದ್ರ ಕೆಳಗೆ ಈ ನೀರನ್ನ ನಿಮ್ಮನೇಗೆ ಎತ್ತಕ್ಕೆ ಇಷ್ಟು ಯೂನಿಟ್ ಕರೆಂಟ್ ಹೋಯ್ತು ಅಂತ ಇನ್ನೊಂದು ಸಾಲು ಪ್ರಿಂಟ್ ಮಾಡ್ಲಿ. ಪಂಪ್‌ಹೌಸಿಗೂ ಮೀಟರ್ ಇದ್ದೇ ಇರತ್ತೆ, ಭಾಗಿಸೋದೊಂದೇ ಕೆಲಸ.

ಇತಿ,
ಒಬ್ಬ ಓದುಗ, ಬೆಂಗಳೂರು