ಬೇಟೆ ಕುರ್ಚಿಯಲ್ಲಿ ಕೂತು ಗದ್ದೆ ಕಾಯಬೇಡಿ

ಮಾನ್ಯ ಸಂಪಾದಕರೇ,

ರಾತ್ರಿ ಕಾವಲಿಗೆ ಮಡಚುವ ಕುರ್ಚಿ ತಗೊಳ್ಳಿ ಎಂದು ನಿಮ್ಮ ಕೃಷಿ ಪುಟದಲ್ಲಿ ಬಂದ ಬರಹ ಓದಿದೆ. ಆನ್‌ಲೈನ್‌ನಲ್ಲಿ 'ಹಂಟಿಂಗ್ ಚೇರ್' ಅಂತ ಮಾರುವ, ನೆಲದಿಂದ ಗೇಣೆತ್ತರದ ಕುರ್ಚಿ ಅದು. ನಮ್ಮ ಮನೆಯಲ್ಲೂ ಒಂದಿದೆ. ಹಕ್ಕಿ ನೋಡಲು ಒಳ್ಳೆಯ ವಸ್ತು, ಎರಡು ಮಾತಿಲ್ಲ. ಆದರೆ ಅದರಲ್ಲಿ ಕೂತು ಗದ್ದೆಗೆ ಕಾಡುಹಂದಿ ನುಗ್ಗದಂತೆ ಕಾಯಿರಿ ಎಂದು ಬರೆದದ್ದು ಓದಿ ಕಳವಳವಾಯಿತು.

ಇಂಥ ಕುರ್ಚಿಯನ್ನು ಅಮೆರಿಕದಲ್ಲಿ ಟರ್ಕಿ ಕೋಳಿ ಬೇಟೆಗೆ ಬಳಸುತ್ತಾರೆ. ಅಲ್ಲಿ ಲೈಸೆನ್ಸ್ ಪಡೆದು ಬೇಟೆಯಾಡಬಹುದು. ಟರ್ಕಿಯ ಕಣ್ಣು ಬಹಳ ಚುರುಕು. ಬೇಟೆಗಾರ ಮರದ ಬುಡಕ್ಕೆ ಬೆನ್ನು ಕೊಟ್ಟು, ಕೋವಿಯನ್ನು ಮಂಡಿಗೆ ಆನಿಸಿ, ತಾಸುಗಟ್ಟಲೆ ಅಲುಗದೆ ಕೂರಬೇಕು. ತಗ್ಗಾಗಿ ಕೂತರೆ ಆಳು ಎದ್ದು ಕಾಣುವುದಿಲ್ಲ. ನಮ್ಮಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವುದರಿಂದ ಶಿಕಾರಿಯ ಮಾತಿಲ್ಲ, ಇರಲೂ ಬಾರದು. ಬೈನಾಕ್ಯುಲರ್ ಹಿಡಿದವರಿಗೆ ಮಾತ್ರ ಆ ಗುಣ ಉಪಯೋಗಕ್ಕೆ ಬರುತ್ತದೆ. ನಿಂತವರನ್ನು ಕಂಡರೆ ಕಾಡುಕೋಳಿ ಪುರ್ರನೆ ಹಾರುತ್ತದೆ. ತಗ್ಗಾಗಿ ಸುಮ್ನೆ ಕೂತರೆ ಹತ್ತಿರಕ್ಕೇ ಬಂದು ಮೇಯುತ್ತದೆ. ಕೆರೆ ದಂಡೆಯ ಹುಂಡುಕೋಳಿಯೂ ಹಾಗೇ.

ಆದರೆ ನಮ್ಮ ನೆಲ ಬೇರೆ. ಕುರ್ಚಿಯ ಕಾಲು ಸಣ್ಣ ಪೈಪಿನದು. ಆಷಾಢದ ಮಳೆಗೆ ನೆನೆದ ಮಣ್ಣಲ್ಲಿ ಒಂದು ಕಾಲು ಹೂತುಹೋಗಿ ಕೂತವರು ವಾಲುತ್ತಾರೆ. ಹಳೇ ಚಪ್ಪಲಿಯ ಅಟ್ಟೆಯನ್ನು ಅಂಗೈಯಗಲ ಕತ್ತರಿಸಿ, ನಾಲ್ಕೂ ಕಾಲಿಗೆ ತಂತಿಯಿಂದ ಬಿಗಿದ ಮೇಲೆ ನನ್ನದು ಸರಿಯಾಯಿತು. ಕ್ಯಾನ್ವಾಸ್ ಬಟ್ಟೆಯದು ಬೇಡವೇ ಬೇಡ. ಒಲೆ ಮೇಲಿನ ಅಟ್ಟದಲ್ಲಿಟ್ಟರೂ ಬೇಗ ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಬಲೆಯಂಥ ಬಟ್ಟೆಯದಾದರೆ ಕೊಡವಿದರೆ ಸಾಕು. ಕೀಲುಗಳು ತುಕ್ಕು ಹಿಡಿದು ಕಿರುಗುಟ್ಟಿದರೆ ಹಕ್ಕಿ ನಿಲ್ಲುವುದಿಲ್ಲ, ಆಗಾಗ ಎಣ್ಣೆ ಬಿಡಬೇಕು. ಇಂಬಳ (ಜಿಗಣೆ) ಕುರ್ಚಿಯ ಕಾಲನ್ನೇ ಹಿಡಿದು ಹತ್ತುತ್ತದೆ. ಹೊಗೆಸೊಪ್ಪು, ಸುಣ್ಣ ಹತ್ತಿರ ಇರಲಿ.

ಇನ್ನು, ಕೂತವರು ಏಳುವುದು. ನನಗೆ 60 ದಾಟಿದೆ. ಗೇಣೆತ್ತರದಿಂದ ಏಳಬೇಕಾದರೆ ಮೊದಲು ಮುಂದಕ್ಕೆ ಬಾಗಿ ಕೈಯೂರಬೇಕು, ಆಮೇಲೆ ಒಂದು ಮಂಡಿ, ಆಮೇಲೆ ಇನ್ನೊಂದು. ಹಕ್ಕಿ ನೋಡುವಾಗ ಪರವಾಗಿಲ್ಲ. ಕತ್ತಲಲ್ಲಿ ಹಂದಿ ನುಗ್ಗಿದರೆ? ಗಾಯವಾಗಿದ್ದರೆ, ಮರಿ ಜೊತೆಗಿದ್ದರೆ ಹಂದಿ ನೇರ ಮೈಮೇಲೇ ಬರುತ್ತದೆ. ನಿಂತವರಿಗೆ ಅದರ ಕೋರೆ ತಾಗುವುದು ಕಾಲಿಗೆ, ತೊಡೆಗೆ. ಈ ಕುರ್ಚಿಯಲ್ಲಿ ಕೂತವರಿಗೆ ಅದೇ ಎತ್ತರದಲ್ಲಿ ಹೊಟ್ಟೆ, ಎದೆ ಇರುತ್ತದೆ. ಕಾಟಿ (ಕಾಡುಕೋಣ) ಬಂದರಂತೂ ಹೇಳುವುದೇ ಬೇಡ. ನಮ್ಮ ಹಿರಿಯರು ಗದ್ದೆ ಕಾಯಲು ಮಾಳ (ಅಟ್ಟಣೆ) ಕಟ್ಟಿದ್ದು ಇದಕ್ಕೇ ಅಲ್ವಾ? ನೆಲದಿಂದ ಆಳೆತ್ತರ ಮೇಲೆ ಕೂತರೆ ದೂರದವರೆಗೆ ಕಾಣುತ್ತದೆ, ಪ್ರಾಣಿಗೆ ಎಟುಕುವುದಿಲ್ಲ. ಕಾವಲಿಗೆ ಅಡಗಿ ಕೂರುವ ಅಗತ್ಯವೂ ಇಲ್ಲ. ಇಲ್ಲಿ ಜನ ಇದ್ದಾರೆ ಎಂದು ಹಂದಿಗೆ ತಿಳಿದಷ್ಟೂ ಒಳ್ಳೆಯದು. ಅಡಗಿ ಕೂರಲೆಂದೇ ಮಾಡಿದ ಕುರ್ಚಿ ಈ ಕೆಲಸಕ್ಕೆ ಪೂರ್ತಿ ಉಲ್ಟಾ.

ನಿಮ್ಮ ಬರಹದಲ್ಲಿ ಮಂಗನ ಕಾಯಿಲೆಯ ಹೆಸರೇ ಇರಲಿಲ್ಲ. ಶಿವಮೊಗ್ಗದ ಪತ್ರಿಕೆ ಇದನ್ನು ಬಿಡಬಾರದಿತ್ತು. 1957ರಲ್ಲಿ ಈ ರೋಗ ಮೊದಲು ಪತ್ತೆಯಾದದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಕಡೆಯವರು ಪಟ್ಟ ಪಾಡು ಜಿಲ್ಲೆಗೆಲ್ಲ ಗೊತ್ತು. ರೋಗ ಹರಡುವ ಉಣುಗು (ಉಣ್ಣೆ) ತರಗೆಲೆಯಲ್ಲಿರುತ್ತದೆ. ಮರಿ ಉಣುಗು ಕಣ್ಣಿಗೆ ಕಾಣುವುದೇ ಕಷ್ಟ. ಸುಮಾರು ಡಿಸೆಂಬರಿನಿಂದ ಮೇವರೆಗೆ ಅಪಾಯ ಜಾಸ್ತಿ. ಗೇಣೆತ್ತರದ ಕುರ್ಚಿಯಲ್ಲಿ ಕೂತವರ ಕಾಲು, ಪಂಚೆ, ಪಕ್ಕದಲ್ಲಿಟ್ಟ ಚೀಲ ಎಲ್ಲವೂ ತರಗೆಲೆ ಮೇಲೇ ಇರುತ್ತವೆ. ಕುರ್ಚಿ ಮಡಚಿ ಮನೆಗೆ ತಂದರೆ ಅದರ ಮಡಿಕೆಯಲ್ಲಿ ಉಣುಗೂ ಬರಬಹುದು. ಆ ತಿಂಗಳುಗಳಲ್ಲಿ ನಾನು ಕುರ್ಚಿಯನ್ನು ಕಾಡಿನೊಳಗೆ ಬಿಚ್ಚುವುದೇ ಇಲ್ಲ. ಬೇರೆಯವರೂ ಬಿಚ್ಚಬಾರದು. ಕಾಡಿಗೆ ಹೋಗಲೇಬೇಕಾದವರು ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಲಿ, ಮೈತುಂಬ ಬಟ್ಟೆ ಹಾಕಲಿ. ಬಂದ ಕೂಡಲೇ ಬಿಸಿನೀರು, ಸೋಪು ಹಾಕಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಲ್ಲೇ ಒಗೆಯಲಿ. ಮಂಗ ಸತ್ತು ಬಿದ್ದ ಜಾಗದ ಹತ್ತಿರ ಸುಳಿಯುವುದೇ ಬೇಡ, ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಕುರ್ಚಿಯ ಬೆಲೆ, ತೂಕ, ಬಣ್ಣಕ್ಕೆ ಅರ್ಧ ಪುಟ ಕೊಟ್ಟಿದ್ದೀರಿ. ಅದೇ ಪುಟದಲ್ಲಿ ಉಣುಗಿನ ವಿಷಯವನ್ನೂ ದಯವಿಟ್ಟು ಪ್ರಕಟಿಸಿ. ಡಿಸೆಂಬರ್ ಬರುವ ಮೊದಲೇ ಬರಲಿ.

– ಒಬ್ಬ ಅಡಿಕೆ ಬೆಳೆಗಾರ, ಹೊಸನಗರ ತಾಲ್ಲೂಕು