ಸ್ಯಾಟಲೈಟ್ ಟೂರ್ನಿಗೆ ದುಡ್ಡು ಕಟ್ಟುವ ಮುಂಚೆ

ಗೆಳೆಯರೇ, ಆನ್‌ಲೈನ್ ಪೋಕರ್ ಸ್ಯಾಟಲೈಟ್, ಅಂದರೆ ಗೆದ್ದವರಿಗೆ ಹಣದ ಬದಲು ದೊಡ್ಡ ಟೂರ್ನಿಯ ಟಿಕೆಟ್ ಕೊಡುವ ಸಣ್ಣ ಟೂರ್ನಿ, ಆಡಬಹುದಾ ಅಂತ ಸುಮಾರು ಜನ ಕೇಳಿದ್ದೀರಿ. ಆಡಬಹುದು, ಆದರೆ ಮುಂದಿನ ದೊಡ್ಡ ಟೂರ್ನಿ ಆಡುವ ಮನಸ್ಸಿದ್ದರೆ ಮಾತ್ರ. ಎಷ್ಟೋ ಕಡೆ ಗೆದ್ದ ಟಿಕೆಟ್ಟನ್ನು ದುಡ್ಡು ಮಾಡಿಕೊಳ್ಳಲು ಆಗುವುದಿಲ್ಲ. ಹಣ ಕಟ್ಟಿ ಆಡಲು ನಿಮ್ಮಲ್ಲಿ ಕಾನೂನು ಒಪ್ಪುತ್ತದೆಯೇ ಅಂತಲೂ ನೋಡಿಕೊಳ್ಳಿ.

2003ರಲ್ಲಿ ಕ್ರಿಸ್ ಮನಿಮೇಕರ್ 86 ಡಾಲರ್‌ನ ಸ್ಯಾಟಲೈಟ್‌ನಿಂದ ಹೋಗಿ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಟೂರ್ನಿಯಲ್ಲಿ 25 ಲಕ್ಷ ಡಾಲರ್ ಗೆದ್ದದ್ದು ನಿಜ. ಅಲ್ಲಿ 839 ಜನ ಆಡಿದ್ದರು. ಅದನ್ನೇ ನೆಚ್ಚಿಕೊಳ್ಳಬೇಡಿ.

ಲೆಕ್ಕ ಹೀಗೆ ಹಾಕಿ. ಎಷ್ಟೇ ಜನ ಬಂದರೂ 100 ಡಾಲರ್‌ನ 5 ಟಿಕೆಟ್ ಕೊಡುವ ಗ್ಯಾರಂಟಿ ಇದೆ ಅನ್ನಿ. ಪ್ರವೇಶ 10 ಡಾಲರ್, ಆಡಿಸುವವರ ಶುಲ್ಕ 1. ಬರೀ 40 ಜನ ಬಂದರೆ ಸೇರುವುದು 400, ಹಂಚುವುದು 500. ಅಂದರೆ 11 ಕೊಟ್ಟವರಿಗೆ ತಲಾ 12.50 ಬೆಲೆ. ಇಂಥದ್ದು ಸಿಕ್ಕರೆ ಬಿಡಬೇಡಿ.

ಇನ್ನೊಂದು ಮಾತು. ಇಲ್ಲಿ ಮೊದಲನೆಯವನಿಗೂ ಐದನೆಯವನಿಗೂ ಅದೇ ಟಿಕೆಟ್. 6 ಜನ ಉಳಿದಿದ್ದಾರೆ, ನಿಮ್ಮ ಹತ್ತಿರ ಚಿಪ್ಸ್ ರಾಶಿ ಇದೆ, ಒಬ್ಬನ ಹತ್ತಿರ ಎರಡು ಬ್ಲೈಂಡ್ (ಸರದಿ ಬಂದಾಗ ಕಡ್ಡಾಯವಾಗಿ ಕಟ್ಟುವ ಪಂತ) ಕಟ್ಟುವಷ್ಟೇ ಅಂದುಕೊಳ್ಳಿ. ಆಗ ನಿಮ್ಮಷ್ಟೇ ಚಿಪ್ಸ್ ಇರುವವನು ಆಲ್-ಇನ್ ಅಂತ ಎಲ್ಲ ಚಿಪ್ಸ್ ಪಣಕ್ಕಿಟ್ಟರೆ, ನಿಮ್ಮ ಕೈಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಜೋಡಿ ಎಕ್ಕ ಇದ್ದರೂ ಫೋಲ್ಡ್ ಮಾಡಿ, ಅಂದರೆ ಎಲೆ ಬಿಟ್ಟುಬಿಡಿ. ಹೊಟ್ಟೆ ಉರಿಯುತ್ತದೆ, ಅಲ್ವಾ? ಆದರೆ ಆ ಎಕ್ಕಗಳೂ ಸುಮಾರು ಐದರಲ್ಲೊಂದು ಸಲ ಸೋಲುತ್ತವೆ. ಫೋಲ್ಡ್ ಮಾಡಿದರೆ ಆ ಎರಡು ಬ್ಲೈಂಡ್‌ನವನು ಬಹುಶಃ ನಿಮಗಿಂತ ಮೊದಲೇ ಹೊರಬೀಳುತ್ತಾನೆ, ಟಿಕೆಟ್ ಹೆಚ್ಚುಕಮ್ಮಿ ನಿಮ್ಮದೇ.