ಮಗಳಿಗೊಂದು ಪತ್ರ: ಮೆಡಿಚಿಗಳ ಮನೆ ನೋಡುವ ಮುಂಚೆ

ಪುಟ್ಟಿ,

ಇಟಲಿಯ ಫ್ಲಾರೆನ್ಸಿಗೆ ಹೋದಾಗ, ಆ ಊರನ್ನು ಒಂದು ಕಾಲಕ್ಕೆ ಆಳಿದ ಬ್ಯಾಂಕು ವ್ಯಾಪಾರದ ಮನೆತನ ಮೆಡಿಚಿಗಳ ಮನೆಯೊಳಕ್ಕೆ ಸೀದಾ ನುಗ್ಗಬೇಡ. ಮೊದಲು ವಿಯಾ ಕವೂರ್ ರಸ್ತೆಯ ಎದುರು ಫುಟ್‌ಪಾತಿನಲ್ಲಿ ನಿಂತು ಮೊದಲ ಮಹಡಿಯ ಕಿಟಕಿಗಳನ್ನು ಎಣಿಸು. 17 ಸಿಗುತ್ತವೆ. ಎಡಗಡೆಯ 10 ಮಾತ್ರ ಮೆಡಿಚಿಗಳ ಕಾಲದವು. ಬಲಗಡೆಯ 7, ಮನೆಯನ್ನು 1659ರಲ್ಲಿ ಕೊಂಡ ರಿಕಾರ್ಡಿ ಮನೆತನದವರು ಆಮೇಲೆ ಸೇರಿಸಿದ್ದು. ಹಳೆಯ ಕಲ್ಲುಕೆಲಸವನ್ನೇ ಮುಂದುವರಿಸಿದ್ದರಿಂದ ಎಣಿಸದವರಿಗೆ ಇದು ಗೊತ್ತೇ ಆಗುವುದಿಲ್ಲ. ಕೊಂಡವರು ಹಿಂದಿನವರ ಕೆಲಸಕ್ಕೆ ಹೊರಗಡೆ ಇಷ್ಟು ಮರ್ಯಾದೆ ಕೊಟ್ಟರು. ಒಳಗಡೆ ಕೊಡಲಿಲ್ಲ, ಅದನ್ನು ಆಮೇಲೆ ಹೇಳುತ್ತೇನೆ.

ಮನೆ ಕಟ್ಟಿಸಿದವನು ಮೆಡಿಚಿ ಬ್ಯಾಂಕಿನ ಯಜಮಾನ ಕೋಸಿಮೊ. 1444ರಲ್ಲಿ ಶುರುವಾದ ಕೆಲಸ, ವಾಸ್ತುಶಿಲ್ಪಿ ಮಿಕೆಲೊಜ್ಜೊ. ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಹೋಗು: ನೆಲಮಟ್ಟದಲ್ಲಿ ಉಬ್ಬುಬ್ಬಾದ ಒರಟು ಕಲ್ಲು, ಅದರ ಮೇಲೆ ಚಪ್ಪಟೆ ಮಾಡಿ ಸಂದು ಎದ್ದು ಕಾಣುವಂತೆ ಜೋಡಿಸಿದ ಕಲ್ಲು, ತುದಿಯ ಮಹಡಿಯಲ್ಲಿ ಪೂರಾ ನುಣುಪು. ಅಷ್ಟು ದೊಡ್ಡ ಮನೆ ಬೀದಿಯ ಮೇಲೆ ಕುಸಿದು ಬೀಳುವಂತೆ ಕಾಣದಿರುವುದು ಇದರಿಂದಲೇ.

ಇನ್ನು ಎಡ ಮೂಲೆ. ಅಲ್ಲಿ ಮೊದಲು ಬೀದಿಗೆ ತೆರೆದುಕೊಂಡ ಕಮಾನಿನ ಪಡಸಾಲೆಯಿತ್ತು. 1494ರಲ್ಲಿ ಊರು ಬಿಟ್ಟು ಓಡಿಹೋಗಬೇಕಾಗಿ ಬಂದ ಮೆಡಿಚಿಗಳು 1512ರಲ್ಲಿ ವಾಪಸಾದರು. ಮರುವರ್ಷ ಅವರ ಮನೆಯವನೇ ಪೋಪ್ ಆದ. 1517ರ ಸುಮಾರಿಗೆ ಕಮಾನುಗಳನ್ನು ಮುಚ್ಚಿ ಕಿಟಕಿ ಇಡಿಸಿದರು. ಕಿಟಕಿಯ ಹೊಸ್ತಿಲ ಕೆಳಗೆ ಮಂಡಿಯೂರಿದ ಕಾಲಿನ ಹಾಗೆ ಎರಡು ಉದ್ದನೆಯ ಕಲ್ಲಿನ ಆಸರೆಗಳಿವೆ, ಗಮನಿಸು. ಈ ವಿನ್ಯಾಸ ಮೈಕೆಲ್ಯಾಂಜೆಲೊನದು ಎನ್ನುತ್ತಾರೆ. ನನ್ನ ಪ್ರಕಾರ ವರ್ತಕರ ಮನೆ ಅರಮನೆಯಾಗಿದ್ದು ಈ ಮೂಲೆಯಲ್ಲೇ.

ಅಂಗಳದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಿಲ್ಲ. ಒಂದು ಕಾಲಕ್ಕೆ ಅಲ್ಲಿದ್ದ, ಶಿಲ್ಪಿ ದೊನಾತೆಲ್ಲೊ ಮಾಡಿದ ಡೇವಿಡ್‌ನ ಕಂಚಿನ ಪ್ರತಿಮೆ ಈಗ ಬಾರ್ಜೆಲ್ಲೊ ಮ್ಯೂಸಿಯಮ್ಮಿನಲ್ಲಿದೆ.

ಸಮಯವೆಲ್ಲ ಮಹಡಿಯ ಪುಟ್ಟ ಪೂಜಾಮಂದಿರಕ್ಕಿರಲಿ. ಬೆನೊಜ್ಜೊ ಗೊಜ್ಜೊಲಿ 1459ರಲ್ಲಿ ಗೋಡೆಗಳ ಮೇಲೆ, ಬೈಬಲ್ಲಿನ ಕಥೆಯಲ್ಲಿ ಶಿಶು ಯೇಸುವನ್ನು ನೋಡಲು ಬಂದ ಮೂವರು ರಾಜರ ಮೆರವಣಿಗೆ ಬರೆಯಲು ಶುರುಮಾಡಿದ. ನಡುವೆ ಒಂದು ಮೂಲೆ ಮಾತ್ರ ಕೋಣೆಯೊಳಕ್ಕೆ ಚಾಚಿಕೊಂಡಿದೆ. ರಿಕಾರ್ಡಿಗಳು 1689ರಲ್ಲಿ ದೊಡ್ಡ ಮೆಟ್ಟಿಲು ಕಟ್ಟಿಸುವಾಗ ಜಾಗ ಸಾಲಲಿಲ್ಲವೆಂದು ಮಂದಿರದ ಗೋಡೆಯನ್ನೇ ಕಡಿಸಿದರು. ಆ ಮೂವರಲ್ಲಿ ಮುದಿ ರಾಜನಿದ್ದ ಚಿತ್ರವನ್ನು ತುಂಡುಮಾಡಿ, ಮುಂದಕ್ಕೆ ಬಂದ ಹೊಸ ಗೋಡೆಗೆ ಕೂರಿಸಿದರು. ಮೆರವಣಿಗೆ ಅಲ್ಲಿ ತುಂಡಾಗಿರುವುದು ಬರಿಗಣ್ಣಿಗೇ ಕಾಣುತ್ತದೆ. ಮಂದಿರ ಇಕ್ಕಟ್ಟು, ಒಮ್ಮೆಗೆ ಕೆಲವರನ್ನಷ್ಟೇ ಬಿಡುತ್ತಾರೆ. ಒಳಗೆ ಹೋದ ಕೂಡಲೇ ಮೊದಲು ಆ ಮೂಲೆ ನೋಡಿಕೋ.

ನಿನ್ನ ಅಪ್ಪ